ಕ್ರೈಸ್ತಮತದಲ್ಲಿ ಶಾಸ್ತ್ರಪ್ರಾಮಾಣ್ಯ

ಬೈಬಲ್ಲು ದೈವಪ್ರೇರಿತವೆಂಬ ವಿಷಯದಲ್ಲಿ ಕ್ರೈಸ್ತರ ಪ್ರಮುಖ ಪಂಗಡಗಳಿಗೆ ವಿವಾದವಿರಲಿಲ್ಲ. ಅದರ ಅರ್ಥವನ್ನು ನಿರ್ಣಯಿಸತಕ್ಕ ಅಧಿಕಾರ ಯಾರದು, ಅದಕ್ಕೆ ಹೊರತಾಗಿ ಬೇರೆ ಪ್ರಮಾಣವುಂಟೆ ಎಂಬ ಪ್ರಶ್ನೆಗಳಲ್ಲಿಯೇ ಅವು ಕವಲೊಡೆದುವು. ಕಾಲದೃಷ್ಟಿಯಿಂದ ನೋಡಿದರೆ ಗ್ರಂಥಕ್ಕಿಂತ ಸಭೆಯೇ ಹಿರಿದು: ಮೊದಲ ತಲೆಮಾರಿನವರು ಯೆಹೂದ್ಯರ ಶಾಸ್ತ್ರಗಳನ್ನೂ ಅಪೊಸ್ತಲರ ಬಾಯಿಮಾತನ್ನೂ ನಂಬಿ ನಡೆದವರು, ಹೊಸ ಒಡಂಬಡಿಕೆಯ 27 ಗ್ರಂಥಗಳನ್ನಷ್ಟೇ ಎಣಿಸಿಕೊಟ್ಟ, ಈಗ ದೊರೆತಿರುವ ಅತ್ಯಂತ ಹಳೆಯ ಪಟ್ಟಿಯಾದರೋ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸನು 367ರಲ್ಲಿ ಬರೆದ ಈಸ್ಟರ್ ಪತ್ರದ್ದು. ಪೂರ್ವದ ಆರ್ಥೊಡಾಕ್ಸ್ ಸಭೆಯು 325ರಿಂದ 787ರವರೆಗಿನ ಏಳು ಮಹಾಪರಿಷತ್ತುಗಳ ನಿರ್ಣಯಗಳನ್ನೂ ಪೂಜಾವಿಧಿಯನ್ನೂ ಆಚಾರ್ಯರ ವಚನಗಳನ್ನೂ ಗ್ರಂಥದೊಡನೆ ಒಂದೇ ಪರಂಪರೆಯ ಅಂಗಗಳೆಂದು ಭಾವಿಸಿತು. ಪಶ್ಚಿಮದಲ್ಲಿ ರೋಮಿನ ಪೋಪನ ಅಧಿಕಾರ ಪ್ರಬಲಿಸಿತು.

1519ರಲ್ಲಿ ಲೈಪ್‌ಜಿಗ್ ನಗರದ ವಾದಸಭೆಯಲ್ಲಿ ಈ ಪ್ರಶ್ನೆ ಬಯಲಿಗೆ ಬಂದಿತು. ಮೃತರಿಗಾಗಿ ಪ್ರಾರ್ಥಿಸುವುದು ಯುಕ್ತವೆಂಬುದಕ್ಕೆ ರೋಮಿನ ಪಕ್ಷದ ಯೊಹಾನ್ ಎಕ್ ಎಂಬ ಪಂಡಿತನು ಮಕ್ಕಬಿಯರ ಎರಡನೆಯ ಗ್ರಂಥವನ್ನು ಉದಾಹರಿಸಲು, ಅದು ಹೀಬ್ರೂ ಶಾಸ್ತ್ರಗಳಲ್ಲಿ ಸೇರಿದುದಲ್ಲವಾದ್ದರಿಂದ ವಾದದಲ್ಲಿ ಪ್ರಮಾಣವಾಗಲಾರದೆಂದು ಪ್ರಾಟೆಸ್ಟಂಟ್ ಸುಧಾರಣೆಯ ಪ್ರವರ್ತಕನಾದ ಮಾರ್ಟಿನ್ ಲೂಥರನು ತಳ್ಳಿಹಾಕಿದನು. ಎಕ್ಕನು ಅಷ್ಟಕ್ಕೆ ಬಿಡಲಿಲ್ಲ. 1415ರಲ್ಲಿ ಕಾನ್‌ಸ್ಟನ್ಸ್ ಪರಿಷತ್ತು ಖಂಡಿಸಿ ಸುಡಿಸಿದ ಯಾನ್ ಹುಸ್ಸನ ಮಾತನ್ನೆತ್ತಿ, ಪರಿಷತ್ತುಗಳೂ ತಪ್ಪಬಲ್ಲವೆಂಬ ಉತ್ತರವನ್ನು ಎದುರಾಳಿಯ ಬಾಯಿಂದಲೇ ಹೊರಡಿಸಿದನು. ಜಾಣತನದ ವಾದವೇ ಸರಿ, ಆದರೆ ಅದರಿಂದ ಲೂಥರನಿಗೆ ಗ್ರಂಥವೊಂದನ್ನುಳಿದು ಬೇರೆ ಆಶ್ರಯವಿಲ್ಲದಂತಾಯಿತು.

ಗ್ರಂಥವೊಂದೇ ಸಾಲದೆಂಬುದು ಹತ್ತೇ ವರ್ಷಗಳಲ್ಲಿ ಕಂಡುಬಂದಿತು. 1529ರಲ್ಲಿ ಮಾರ್ಬುರ್ಗ್ ಕೋಟೆಯಲ್ಲಿ ಲೂಥರನೂ ಜ್ಯೂರಿಕ್ಕಿನ ಸುಧಾರಕ ಜ್ವಿಂಗ್ಲಿಯೂ ಸೇರಿದಾಗ, ರೊಟ್ಟಿಯನ್ನು ತನ್ನ ದೇಹವೆಂದ ಕ್ರಿಸ್ತನ ವಾಕ್ಯವನ್ನು ಲೂಥರನು ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟು, ಅದರ ಯಥಾಶ್ರುತಾರ್ಥವನ್ನು ಬಿಡಲೊಪ್ಪದೆ ಕುಳಿತನು. ಜ್ವಿಂಗ್ಲಿಯಾದರೋ ಅದನ್ನು ಲಾಕ್ಷಣಿಕವೆಂದನು. 15 ವಿಷಯಗಳಲ್ಲಿ 14ಕ್ಕೆ ಒಮ್ಮತವಾಗಿ, ಇದೊಂದು ಮಾತ್ರ ಉಳಿಯಿತು. ಗ್ರಂಥವು ತನಗೆ ತಾನೇ ವ್ಯಾಖ್ಯಾನವೆಂಬ ಪ್ರಾಟೆಸ್ಟಂಟ್ ನಂಬಿಕೆಗೆ ಇದಕ್ಕಿಂತ ಕಠಿನವಾದ ಪರೀಕ್ಷೆ ಮುಂದೆ ಒದಗಿದಂತೆ ತೋರದು.

ರೋಮಿನ ಉತ್ತರವು 1546ರ ಏಪ್ರಿಲ್ 8ರಂದು ಟ್ರೆಂಟ್ ಪರಿಷತ್ತಿನಲ್ಲಿ ಹೊರಟಿತು: ಗ್ರಂಥವೂ ಅಲಿಖಿತ ಪರಂಪರೆಯೂ ಸಮಾನಗೌರವಕ್ಕೆ ಪಾತ್ರ, ಅರ್ಥನಿರ್ಣಯ ಸಭೆಗೆ ಸೇರಿದ್ದು. ಮಕ್ಕಬಿಯರ ಗ್ರಂಥದಂತಹ ವಿವಾದಗ್ರಸ್ತ ಪುಸ್ತಕಗಳನ್ನೂ ಅದು ಅಂಗೀಕರಿಸಿದುದರಿಂದ ಕಥೊಲಿಕರ ಬೈಬಲ್ಲಿನಲ್ಲಿ 73 ಗ್ರಂಥಗಳೂ ಪ್ರಾಟೆಸ್ಟಂಟರದರಲ್ಲಿ 66 ಗ್ರಂಥಗಳೂ ಇವೆ. 1870ರಲ್ಲಿ ಪೋಪನ ಅಸ್ಖಲಿತತ್ವ ಘೋಷಿತವಾಯಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಪರಿಷತ್ತು, ಸಭೆಯ ಬೋಧನಾಧಿಕಾರವು ದೇವವಾಕ್ಯಕ್ಕೆ ಸೇವಕನೇ ಹೊರತು ಒಡೆಯನಲ್ಲವೆಂದು ಸ್ಪಷ್ಟಪಡಿಸಿತು.

ಇಂಗ್ಲೆಂಡಿನ ಸಭೆಯ ಪರಂಪರೆಗೆ ಸೇರಿದ ಆಂಗ್ಲಿಕನರದು ರೋಮಿಗೂ ಪ್ರಾಟೆಸ್ಟಂಟರಿಗೂ ನಡುವಿನ ಮಧ್ಯಮ ಮಾರ್ಗ. ಆ ಮಾರ್ಗದ ಛಾಯೆ 1947ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾಗಿ ಮೈಸೂರು ಸೀಮೆಯ ಸಭೆಗಳನ್ನೂ ಒಳಗೊಂಡ ದಕ್ಷಿಣ ಭಾರತ ಸಭೆಯಲ್ಲಿಯೂ ಇದೆ: ಗ್ರಂಥವೇ ಅಲ್ಲಿ ಪರಮಪ್ರಮಾಣ, ಪುರಾತನ ವಿಶ್ವಾಸಸೂತ್ರಗಳು ಅದಕ್ಕೆ ಸಾಕ್ಷಿಗಳು, ಬಿಷಪ್ ಪದವಿಯನ್ನೇ ಅರಿಯದಿದ್ದ ಪಂಗಡಗಳು ಸಹ ಅದನ್ನು ಒಪ್ಪಿಕೊಂಡುವು.