ನೆಲದ ಕೆಳಗಿನ ನೆಲ

ಹೊಸದಾಗಿ ಹಾಸಿದ ಹೆಂಚುಬಿಲ್ಲೆಗಳು ಕೆಲವೇ ತಿಂಗಳಲ್ಲಿ ಬಿರುಕು ಬಿಡುವುದನ್ನು, ತಟ್ಟಿದರೆ ಟೊಳ್ಳು ಸದ್ದು ಮಾಡುವುದನ್ನು ನೀವು ಗಮನಿಸಿರಬಹುದು. ಬಿಲ್ಲೆ ಕಳಪೆಯೆಂದು ನಾವು ದೂರುತ್ತೇವೆ. ಆದರೆ ದೋಷ ಅನೇಕ ವೇಳೆ ಬಿಲ್ಲೆಯಲ್ಲಿರದೆ, ಅದರ ಕೆಳಗಿನ ತಳಪದರದಲ್ಲಿರುತ್ತದೆ. ಈ ಸತ್ಯವನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟವನು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್.

ಕ್ರಿ.ಪೂ. ಒಂದನೆಯ ಶತಮಾನದ ಈತನ ವಾಸ್ತುಗ್ರಂಥದಲ್ಲಿ ಹತ್ತು ಸಂಪುಟಗಳಿವೆ. ಏಳನೆಯದು ಆರಂಭವಾಗುವುದೇ ನೆಲದ ತಯಾರಿಯಿಂದ. ಮೊದಲು ಮಣ್ಣು ಎಲ್ಲೆಡೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಸಡಿಲವಾಗಿದ್ದರೆ ದಿಮ್ಮಸಿನಿಂದ ಬಡಿದು ಬಿಗಿಗೊಳಿಸಬೇಕು. ಅದರ ಮೇಲೆ ಮುಷ್ಟಿಗಿಂತ ಚಿಕ್ಕದಲ್ಲದ ಕಲ್ಲುಗಳ ಹಾಸು. ಅನಂತರ 3 ಪಾಲು ಕಲ್ಲುಚೂರಿಗೆ 1 ಪಾಲು ಸುಣ್ಣ ಬೆರೆಸಿದ ಪದರ. ಇದನ್ನು ಆಳುಗಳ ತಂಡಗಳು ಮರದ ಕೊರಡುಗಳಿಂದ ಬಡಿದ ಮೇಲೂ ದಪ್ಪ ಸುಮಾರು 22 ಸೆಂ.ಮೀ. ಉಳಿಯಬೇಕು. ಕೊನೆಗೆ 3 ಪಾಲು ಮಡಕೆಚೂರಿನ ಪುಡಿಗೆ 1 ಪಾಲು ಸುಣ್ಣ ಸೇರಿಸಿದ, ಸುಮಾರು 11 ಸೆಂ.ಮೀ. ದಪ್ಪದ ಪದರ. ಕಣ್ಣಿಗೆ ಕಾಣುವ ಬಿಲ್ಲೆಗಳಿಗೆ ಸ್ಥಾನ ಇವೆಲ್ಲದರ ಮೇಲೆ!

ಮಡಕೆಚೂರು ಏಕೆ? ಬರಿಯ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಬೇಕು. ದಪ್ಪ ಪದರದ ಒಳಕ್ಕೆ ಅದು ಸುಲಭವಾಗಿ ತಲುಪದು. ಸುಟ್ಟ ಜೇಡಿಮಣ್ಣಿನಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾಗಳು ನೀರಿನ ಸಮ್ಮುಖದಲ್ಲಿ ಸುಣ್ಣದೊಡನೆ ವರ್ತಿಸಿ, ಗಾಳಿಯಿಲ್ಲದೆಯೂ ಗಟ್ಟಿಯಾಗುವ ಸಂಯುಕ್ತಗಳನ್ನು ಕೊಡುತ್ತವೆ. ನಮ್ಮ ಹಳೆಯ ಕಟ್ಟಡಗಳ ಗಾರೆಗೆ ಸೇರಿಸುತ್ತಿದ್ದ ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಮಾಡುತ್ತಿದ್ದುದೂ ಇದೇ ಕೆಲಸವನ್ನು.

ಮಹಡಿಯ ನೆಲಕ್ಕೆ ವಿಟ್ರೂವಿಯಸ್ ಕೊಡುವ ಎಚ್ಚರಿಕೆಗಳು ಇನ್ನೂ ಸೂಕ್ಷ್ಮ. ಓಕ್ ಹಲಗೆ ತೇವ ಹೀರಿ ತಿರುಚಿಕೊಂಡು ನೆಲವನ್ನು ಸೀಳುತ್ತದೆ; ಹಲಗೆಗಳ ಅಂಚು ಏಳದಂತೆ ಎರಡೆರಡು ಮೊಳೆ ಹೊಡೆಯಬೇಕು; ಸುಣ್ಣದಿಂದ ಮರಕ್ಕೆ ಹಾನಿಯಾಗದಂತೆ ನಡುವೆ ಜರಿಗಿಡ ಇಲ್ಲವೇ ಹುಲ್ಲು ಹಾಸಬೇಕು.

ಗ್ರೀಕರ ಚಳಿಗಾಲದ ಊಟದ ಕೋಣೆಯ ನೆಲವನ್ನೂ ಆತ ವರ್ಣಿಸಿದ್ದಾನೆ. ಸುಮಾರು ಎರಡು ಅಡಿ ಅಗೆದು, ತಳ ಬಡಿದು, ಕಲ್ಲು ಅಥವಾ ಇಟ್ಟಿಗೆ ಚೂರನ್ನು ಕಾಲುವೆಯತ್ತ ಇಳಿಜಾರಾಗಿ ಹಾಸಿ, ಮೇಲೆ ಇದ್ದಿಲನ್ನು ತುಳಿದು ಬಿಗಿಮಾಡಿ, ಅದಕ್ಕೆ ಮರಳು, ಸುಣ್ಣ, ಬೂದಿಗಳ ಲೇಪ ಕೊಡುತ್ತಿದ್ದರು. ಚೆಲ್ಲಿದ ದ್ರಾಕ್ಷಾರಸ ಬಿದ್ದೊಡನೆ ಒಣಗುತ್ತಿತ್ತು. ಬರಿಗಾಲಿನ ಸೇವಕರಿಗೆ ನೆಲ ತಣ್ಣಗೆ ತಾಗುತ್ತಿರಲಿಲ್ಲ.

ನೆಲದ ನಿಜವಾದ ಶತ್ರು ಕೆಳಗಿನಿಂದ ಏರುವ ನೀರು. ಇದಕ್ಕೆ ಕಾರಣ ಲೋಮನಾಳ ಕ್ರಿಯೆ. 1 ಮಿ.ಮೀ. ವ್ಯಾಸದ ಶುಭ್ರವಾದ ಗಾಜಿನ ನಳಿಕೆಯಲ್ಲಿ ನೀರು ಸುಮಾರು 3 ಸೆಂ.ಮೀ. ಏರಿದರೆ, 0.1 ಮಿ.ಮೀ. ನಳಿಕೆಯಲ್ಲಿ ಸುಮಾರು 30 ಸೆಂ.ಮೀ. ಏರುತ್ತದೆ. ಮಣ್ಣಿನ ರಂಧ್ರಗಳು ಸೂಕ್ಷ್ಮ. ದಪ್ಪ ಕಲ್ಲುಗಳ ನಡುವಿನ ಸಂದುಗಳು ದೊಡ್ಡವು. ಆದ್ದರಿಂದ ಕಲ್ಲುಹಾಸು ಭಾರವನ್ನು ಹೊರುವುದಷ್ಟೇ ಅಲ್ಲ, ನೀರಿನ ಏರಿಕೆಯನ್ನೂ ತುಂಡರಿಸುತ್ತದೆ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಮುಂದೆ ಕಾಂಕ್ರೀಟು ಹಳೆಯ ಪದರಗಳ ಸ್ಥಾನಕ್ಕೆ ಬಂದಿತು. 1933ರಲ್ಲಿ ಅಲ್ಲಿಯೇ ಆಕಸ್ಮಿಕವಾಗಿ ದೊರೆತ ಪಾಲಿಥೀನ್, ಕ್ರಮೇಣ ಕಾಂಕ್ರೀಟಿನ ಕೆಳಗೆ ತೇವ ತಡೆಯುವ ಹಾಳೆಯಾಯಿತು. ಆದರೆ ಸಮಸ್ಯೆ ಪೂರ್ತಿ ನೀಗಲಿಲ್ಲ. ಕಾಂಕ್ರೀಟು ಕಲಸುವಾಗ ರಾಸಾಯನಿಕ ಕ್ರಿಯೆಗೆ ಬೇಕಾದುದಕ್ಕಿಂತ ಹೆಚ್ಚು ನೀರು ಹಾಕಲಾಗುತ್ತದೆ. ಆ ಹೆಚ್ಚುವರಿ ನೀರು ಆರಿಹೋಗುವ ಮೊದಲೇ ಮೇಲೆ ವಿನೈಲ್ ಅಥವಾ ಮರದ ಹಾಸು ಹಾಕಿದರೆ, ಕ್ಷಾರಯುಕ್ತ ತೇವ ಅಂಟನ್ನು ಕೆಡಿಸುತ್ತದೆ, ಮರವನ್ನು ಉಬ್ಬಿಸುತ್ತದೆ.

ಇದನ್ನು ಶಾಲೆಯಲ್ಲೇ ಪರೀಕ್ಷಿಸಬಹುದು. ಹಾಸಿಲ್ಲದ ಕಾಂಕ್ರೀಟು ನೆಲದ ಮೇಲೆ 18 ಅಂಗುಲ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹರಡಿ, ನಾಲ್ಕೂ ಅಂಚುಗಳಿಗೆ ಗಾಳಿಯಾಡದಂತೆ ಟೇಪು ಅಂಟಿಸಿ. ಕನಿಷ್ಠ 16 ಗಂಟೆಗಳ ಬಳಿಕ ಹಾಳೆಯ ಒಳಮೈಯಲ್ಲಿ ಹನಿಗಳು ಕಂಡರೆ, ಅಥವಾ ನೆಲದ ಬಣ್ಣ ಗಾಢವಾಗಿದ್ದರೆ, ತೇವ ಏರುತ್ತಿದೆಯೆಂದೇ ಅರ್ಥ. ಹನಿ ಕಾಣದಿದ್ದರೆ ನೆಲ ಪೂರ್ತಿ ಒಣಗಿದೆ ಎಂದು ತೀರ್ಮಾನಿಸುವಂತಿಲ್ಲ; ಅದಕ್ಕೆ ಕಾಂಕ್ರೀಟಿನ ಒಳಗಿನ ಸಾಪೇಕ್ಷ ಆರ್ದ್ರತೆಯನ್ನೇ ಅಳೆಯಬೇಕು.

ಸಾಮಗ್ರಿಗಳು ಬದಲಾಗಿವೆ. ಬಿಗಿ, ಸಮತಟ್ಟು, ಒಣ ತಳ ಎಂಬ ಮೂರು ಷರತ್ತುಗಳು ಮಾತ್ರ ಬದಲಾಗಿಲ್ಲ. ನೆಲ ಹಾಸುವವರು ಬಿಲ್ಲೆಯ ಬಣ್ಣ ಆರಿಸುವ ಮುನ್ನ ತಳಕ್ಕೆ ಒಣಗಲು ಸಾಕಷ್ಟು ದಿನ ಕೊಡುವುದು ಒಳ್ಳೆಯದು.