ಕೊಚ್ಚಿ ಜಲಮೆಟ್ರೋ

ಕೇರಳದ ಕೊಚ್ಚಿ ನಗರವನ್ನು ವೆಂಬನಾಡ್ ಹಿನ್ನೀರಿನ ದ್ವೀಪಗಳೊಡನೆ ಬೆಸೆಯುವ ಸಾರ್ವಜನಿಕ ದೋಣಿ ಸಾರಿಗೆ. ಉದ್ಘಾಟನೆ 2023ರ ಏಪ್ರಿಲ್ 25ರಂದು. ಯೋಜನೆಯ ಅನುಷ್ಠಾನ ಕೊಚ್ಚಿ ಮೆಟ್ರೋ ರೈಲ್ ಸಂಸ್ಥೆಯದು. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕ್ ಸಾಲ ನೀಡಿದೆ. ಪೂರ್ಣ ಯೋಜನೆಯಲ್ಲಿ 10 ದ್ವೀಪಗಳು, 38 ನಿಲ್ದಾಣಗಳು ಹಾಗೂ 78 ದೋಣಿಗಳಿವೆ.

ಕಿರಿದಾದ ರಸ್ತೆಗಳು, ಕೆಲವೇ ಸೇತುವೆಗಳಿರುವ ಕರಾವಳಿ ನಗರದಲ್ಲಿ ವಾಹನಗಳೆಲ್ಲ ಸೇತುವೆಯ ಬಾಯಲ್ಲೇ ಒತ್ತೊತ್ತಾಗಿ ನಿಲ್ಲುತ್ತವೆ. ನೀರಿನ ದಾರಿ ನೇರವಾದದ್ದು, ಭೂಸ್ವಾಧೀನದ ಹೊರೆಯೂ ಕಡಿಮೆ. ಆದರೆ ದೋಣಿ ಇಳಿದವನು ಮುಂದೆ ಹೇಗೆ ಹೋಗಬೇಕು ಎಂಬುದು ಇತ್ಯರ್ಥವಾಗದಿದ್ದರೆ ದೋಣಿಗಳು ಖಾಲಿ ಓಡುತ್ತವೆ. ಯೋಜನೆಯ ಜೀವಾಳ ಈ ಮುಂದಿನ ಸಂಪರ್ಕವೇ. ವೈಟ್ಟಿಲದಲ್ಲಿ ಬಸ್, ಮೆಟ್ರೋ ರೈಲು, ದೋಣಿ ಮೂರೂ ಒಂದೆಡೆ ಕೂಡುತ್ತವೆ. ಅಲ್ಲಿಂದ ಕಾಕ್ಕನಾಡಿಗೆ ಹಾಗೂ ಹೈಕೋರ್ಟ್ ನಿಲ್ದಾಣದಿಂದ ವೈಪಿನ್‌ಗೆ ಮೊದಲ ಮಾರ್ಗಗಳು ತೆರೆದವು.

ತೇಲುವ ಕಟ್ಟೆಗಳು ಉಬ್ಬರವಿಳಿತದೊಂದಿಗೆ ಏರಿಳಿಯುವುದರಿಂದ ದೋಣಿಯ ನೆಲವೂ ಕಟ್ಟೆಯೂ ಸದಾ ಒಂದೇ ಮಟ್ಟದಲ್ಲಿರುತ್ತವೆ. ಗಾಲಿಕುರ್ಚಿಯವರಿಗೂ ವೃದ್ಧರಿಗೂ ಇದು ದೊಡ್ಡ ಅನುಕೂಲ. ಹಳೆಯ ಜೆಟ್ಟಿಗಳಲ್ಲಿ ಈ ಅನುಕೂಲ ಇರಲಿಲ್ಲ. ಬ್ಯಾಟರಿಚಾಲಿತ ಜೋಡಿಒಡಲ ದೋಣಿಗಳನ್ನು ಕೊಚ್ಚಿನ್ ಶಿಪ್‌ಯಾರ್ಡ್ ನಿರ್ಮಿಸಿದೆ. ದೊಡ್ಡವು 100 ಮಂದಿಯನ್ನು ಒಯ್ಯುತ್ತವೆ.

ಮಂಗಳೂರಿನ ನೇತ್ರಾವತಿ, ಫಲ್ಗುಣಿ ನದಿಗಳಲ್ಲಿಯೂ ಇಂಥ ಸೇವೆಯ ಪ್ರಸ್ತಾವವಿದೆ.