ಕೃತಿಸ್ವಾಮ್ಯ ರಕ್ಷಣೆಯ ಎರಡು ದಾರಿಗಳು: ಕಾರಂತರ ಬ್ಯಾಲೆಯಿಂದ ‘ಡಿಜಿಟಲ್ ಅಪರಾಧಿ’ಯವರೆಗೆ

ಮರವಂತೆಯಿಂದ ಕೋಟದವರೆಗಿನ ಕಡಲಂಚಿನ ಊರುಗಳಲ್ಲಿ ಯಕ್ಷಗಾನ ಪ್ರಸಂಗಗಳು ಒಡೆತನದ ಪ್ರಶ್ನೆ ಹೆಚ್ಚಾಗಿ ಏಳದೆಯೇ ಮೇಳದಿಂದ ಮೇಳಕ್ಕೆ, ಭಾಗವತರಿಂದ ಶಿಷ್ಯರಿಗೆ ಹರಿದುಬಂದವು. ಈ ನೆಲದ ಕಲೆಯು ಕೃತಿಸ್ವಾಮ್ಯದ ಕಾನೂನಿಗೆ ಮುಖಾಮುಖಿಯಾದ ಗಮನಾರ್ಹ ಸಂದರ್ಭವೆಂದರೆ ಕೋಟ ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಗಳ ವ್ಯಾಜ್ಯ.

ಕಾರಂತರು 1997ರಲ್ಲಿ ನಿಧನರಾದರು. ಅವರ ಉಯಿಲಿನಂತೆ ಹಕ್ಕುದಾರರಾದ ಬಿ. ಮಾಲಿನಿ ಮಲ್ಯ ಅವರು, 2001ರಲ್ಲಿ ದೆಹಲಿಯಲ್ಲಿ ನಡೆದ ‘ಅಭಿಮನ್ಯು ವಧೆ’ ಪ್ರದರ್ಶನವನ್ನು ಪ್ರಶ್ನಿಸಿ, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ವಿರುದ್ಧ ದಾವೆ ಹೂಡಿದರು. ಉಡುಪಿಯ ಜಿಲ್ಲಾ ನ್ಯಾಯಾಲಯವೂ ಹೈಕೋರ್ಟೂ ಅವರ ಹಕ್ಕನ್ನು ಎತ್ತಿಹಿಡಿದವು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಹಕ್ಕನ್ನು ಮಾನ್ಯಮಾಡುತ್ತಲೇ ತಡೆಯಾಜ್ಞೆಗೆ ಒಂದು ಎಲ್ಲೆಯನ್ನು ಗುರುತಿಸಿತು: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ವಿನಾಯಿತಿಗಳು ಪ್ರತಿವಾದಿಗೂ ಲಭ್ಯ. ವಿದ್ಯಾಸಂಸ್ಥೆಯ ಚಟುವಟಿಕೆಯ ಅಂಗವಾದ ಪ್ರದರ್ಶನ, ಹವ್ಯಾಸಿ ಸಂಘವು ಟಿಕೆಟ್ಟಿಲ್ಲದೆ ಆಡುವ ಆಟ ಮುಂತಾದವು ಆ ಕಲಮಿನಲ್ಲಿ ಸೇರಿವೆ. ಹವ್ಯಾಸಿ ಸಂಘಗಳೇ ತುಂಬಿರುವ ಈ ಕರಾವಳಿಗೆ ಇದು ಸಣ್ಣ ಮಾತಲ್ಲ. ವ್ಯಾಜ್ಯ ದೀರ್ಘವಾಯಿತಾದರೂ ಉಭಯ ಪಕ್ಷಗಳ ವಾದವನ್ನು ಮೂರು ನ್ಯಾಯಾಲಯಗಳು ಆಲಿಸಿದವು.

ಐದು ವರ್ಷಗಳ ತರುವಾಯ ಕರ್ನಾಟಕವೇ ಬೇರೊಂದು ದಾರಿಯನ್ನು ತೆರೆಯಿತು. ‘ಗೂಂಡಾ ಕಾಯ್ದೆ’ ಎಂದೇ ಪ್ರಸಿದ್ಧವಾದ 1985ರ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ವಾಣಿಜ್ಯ ಉದ್ದೇಶದಿಂದ ಪುಸ್ತಕ, ಸಂಗೀತ, ಚಲನಚಿತ್ರ, ತಂತ್ರಾಂಶಗಳ ಕೃತಿಸ್ವಾಮ್ಯವನ್ನು ಉದ್ದೇಶಪೂರ್ವಕವಾಗಿ ಉಲ್ಲಂಘಿಸುವವರನ್ನು ‘ಡಿಜಿಟಲ್ ಅಪರಾಧಿ’ ಎಂಬ ವ್ಯಾಖ್ಯೆಯೊಳಗೆ ಸೇರಿಸಲಾಯಿತು. ಕೃತಿಸ್ವಾಮ್ಯ ಕಾಯ್ದೆಯಡಿ ಉಲ್ಲಂಘನೆಗೆ ಶಿಕ್ಷೆಯಾಗಬೇಕಾದರೆ ಮೊದಲು ವಿಚಾರಣೆ ನಡೆದು ಅಪರಾಧ ಸಾಬೀತಾಗಬೇಕು. ಇಲ್ಲಿಯಾದರೋ ಆಪಾದಿತನು ಅಂತಹ ಕೃತ್ಯಕ್ಕೆ ಸಿದ್ಧತೆ ನಡೆಸುತ್ತಿದ್ದಾನೆಂಬ ಕಾರಣಕ್ಕೂ, ವಿಚಾರಣೆಯಿಲ್ಲದೆ, ಹನ್ನೆರಡು ತಿಂಗಳವರೆಗೆ ಬಂಧನದಲ್ಲಿಡಬಹುದು. ಸಲಹಾ ಮಂಡಳಿಯ ಪರಿಶೀಲನೆ ಇದೆಯೆಂಬುದು ನಿಜ. ಅದು ನ್ಯಾಯಾಲಯಕ್ಕೆ ಸಮನಲ್ಲ. 52ನೆಯ ಕಲಮಿನ ವಿನಾಯಿತಿಗಳ ಚರ್ಚೆಗೆ ಅಲ್ಲಿ ಎಷ್ಟು ಎಡೆ ದೊರೆತೀತು?

ಅಂತರಜಾಲದಲ್ಲಿ ವ್ಯಕ್ತಿಯನ್ನು ಗುರುತಿಸುವುದು ಬಹುಮಟ್ಟಿಗೆ ಸೇವಾದಾತ ಸಂಸ್ಥೆ ಒದಗಿಸುವ ಐಪಿ ವಿಳಾಸದಿಂದ. ಅದರ ಅಪಾಯಕ್ಕೆ ಬೆಂಗಳೂರೇ ಸಾಕ್ಷಿ. 2007ರಲ್ಲಿ ಆರ್ಕುಟ್ ತಾಣದಲ್ಲಿ ಶಿವಾಜಿಯ ಅವಹೇಳನವಾಯಿತೆಂಬ ಪ್ರಕರಣದಲ್ಲಿ ಪುಣೆ ಪೊಲೀಸರು ಇಲ್ಲಿನ ತಂತ್ರಾಂಶ ಉದ್ಯೋಗಿಯೊಬ್ಬರನ್ನು ಬಂಧಿಸಿದರು. ವಿಳಾಸದ ಮಾಹಿತಿಯೇ ತಪ್ಪಾಗಿತ್ತೆಂಬುದು ಹೊರಬೀಳುವ ಹೊತ್ತಿಗೆ ಆ ನಿರಪರಾಧಿಯು ಸುಮಾರು 50 ದಿನ ಸೆರೆಮನೆಯಲ್ಲಿ ಕಳೆದಿದ್ದರು. ಆ ಪ್ರಕರಣ ಕೃತಿಸ್ವಾಮ್ಯದ್ದಲ್ಲ. ಆದರೆ ಬಂಧನಕ್ಕೆ ಆಧಾರವಾದ ಮಾಹಿತಿ ಅದೇ ಬಗೆಯದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದು 2017ರ ಆಗಸ್ಟ್ 24ರಂದು. ‘ಡಿಜಿಟಲ್ ಅಪರಾಧಿ’ಯ ವ್ಯಾಖ್ಯೆ ಅದಕ್ಕಿಂತ ಮೂರು ವರ್ಷ ಮುಂಚಿನದು.